ಗುಡ್ಡದ ಹಾದಿಯ ಬೇಸಗೆ ಹೂವು

ರಾಗಿ ಒಕ್ಕಣೆ ಮುಗಿಯಿತು. ಹುಲ್ಲು ಬಣವೆ ಸೇರಿತು. ಶಿವರಾತ್ರಿ ಕಳೆಯುವ ಹೊತ್ತಿಗೆ ಚಳಿ ಹೋಗಿ ಬಿಸಿಲು ಏರತೊಡಗುತ್ತದೆ. ಮಾದಿಹಳ್ಳಿ, ಹಳೇಬೀಡು, ಜಾವಗಲ್ಲು ಸೀಮೆಯಲ್ಲಿ ಆಗ ಖುಷ್ಕಿ ಹೊಲವೆಲ್ಲ ಬೋಳು. ನೀರಾವರಿ ತೋಟವೊಂದನ್ನು ಬಿಟ್ಟರೆ ಹಸಿರು ಕಾಣುವುದೇ ಕಷ್ಟ. ಇಂಥ ದಿನಗಳಲ್ಲಿ ಹೂವು ಬೇಕು ಎನ್ನುವವನು ಎಲ್ಲಿಗೆ ಹೋಗಬೇಕು? ದನ ಹೊಡೆದುಕೊಂಡು ಗುಡ್ಡ ಹತ್ತುವ ಹುಡುಗರನ್ನು ಕೇಳಿ. ಯಾವ ಬಂಡೆಯ ಪಕ್ಕ ಯಾವ ಗಿಡ ಹೂಬಿಟ್ಟಿದೆ, ಯಾವುದರಲ್ಲಿ ಜೇನು ಕೂತಿದೆ, ಎಲ್ಲವನ್ನೂ ಅವರು ಬಾಯಿಪಾಠ ಒಪ್ಪಿಸುತ್ತಾರೆ.

ಇವತ್ತಿನ ನಮ್ಮ ಮಾತು ಆ ಗುಡ್ಡದ ಹಾದಿಯ ಹೂವುಗಳ ಮೇಲೆ. ನಿಮ್ಮಲ್ಲಿ ಕೆಲವರು, "ಏನ್ ಸ್ವಾಮೀ, ಗೊಬ್ಬರದ ಮಾತು, ಬೀಜದ ಮಾತು ಬಿಟ್ಟು ಹೂವಿನ ಮಾತು ತಂದ್ರಿ? ಹೂವ ನೋಡ್ಕೊಂಡು ಕೂತ್ರೆ ಹೊಟ್ಟೆ ತುಂಬ್ತದಾ?" ಎಂದು ಕೇಳಬಹುದು. ಕೇಳಬೇಕಾದ ಮಾತೇ ಸರಿ. ಗುಡ್ಡದ ಹೂವಿಗೂ ನಿಮ್ಮ ಹಿತ್ತಲ ಕುಂಬಳಕಾಯಿಗೂ ಏನು ಸಂಬಂಧ ಎಂಬುದನ್ನು ಈ ಮಾತು ಮುಗಿಯುವುದರೊಳಗೆ ಲೆಕ್ಕ ಹಾಕಿ ನೋಡೋಣ. ಮೊದಲು ಒಂದು ಸುತ್ತು ಗುಡ್ಡ ಹತ್ತಿ ಬರೋಣ, ಬನ್ನಿ.

ನಮ್ಮ ಕಡೆ ಗುಡ್ಡಗಳಿಗೆ ಬರವಿಲ್ಲ. ಹಳೇಬೀಡಿನ ಪಕ್ಕದಲ್ಲೇ ಮಲ್ಲಿಕಾರ್ಜುನನ ಗುಡಿಯಿರುವ ಗುಡ್ಡವಿದೆ. ಅದರ ಹೆಸರೇ ಪುಷ್ಪಗಿರಿ. ಅರಸೀಕೆರೆಯವರಿಗೆ ಮಾಲೇಕಲ್ಲು ತಿರುಪತಿಯ ಬೆಟ್ಟವಿದೆ. ಬಡಗು ಪಡುವಣ ದಿಕ್ಕಿಗೆ ಕಣ್ಣು ಹಾಯಿಸಿದರೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಸಾಲು. ಅಲ್ಲಿಯ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಬಯಲುಸೀಮೆಗೂ ಮಲೆನಾಡಿಗೂ ನಡುವಿನ ಹೊಸ್ತಿಲಲ್ಲಿ ಕೂತಿರುವ ಸೀಮೆ ನಮ್ಮದು. ಆದುದರಿಂದಲೇ ಎರಡೂ ಕಡೆಯ ಗಿಡಮರಗಳು ನಮಗೆ ಪರಿಚಯ.

ಗುಡ್ಡದ ಬುಡದಿಂದಲೇ ಶುರುಮಾಡೋಣ. ಕಲ್ಲುಭೂಮಿಯಲ್ಲಿ, ದಾರಿಯ ಅಂಚಿನಲ್ಲಿ ಹಳದಿ ಹೂವಿನ ತಂಗಡಿ ಗಿಡ ನಿಂತಿರುತ್ತದೆ. ಕೆಲವರು ಇದನ್ನೇ ಆವರಿಕೆ ಎನ್ನುತ್ತಾರೆ. ದನ ಇದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಎಂಥ ಬಿಸಿಲಿಗೂ ಇದು ಜಗ್ಗುವುದಿಲ್ಲ. ಹಿಂದೆ ಇದರ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ಸೊಪ್ಪು ಗದ್ದೆಗೆ ಹಸಿರು ಗೊಬ್ಬರ. ಅದರ ಪಕ್ಕದಲ್ಲೇ ಮುಳ್ಳಿನ ಕವಳೆ ಪೊದೆ. ಬೇಸಗೆ ಕಾಲಿಟ್ಟಾಗ ಅದರ ತುಂಬ ಮಲ್ಲಿಗೆಯಂಥ ಬಿಳಿ ಹೂವು, ಸಣ್ಣಗೆ ಪರಿಮಳ. ಮುಂಗಾರಿನ ಹೊತ್ತಿಗೆ ಅದೇ ಹೂವು ಕಾಯಾಗಿ ಉಪ್ಪಿನಕಾಯಿಗೆ ಬರುತ್ತದೆ, ಹಣ್ಣಾಗಿ ಮಕ್ಕಳ ಬಾಯಿಗೆ ಬೀಳುತ್ತದೆ.

ಇನ್ನೂ ಸ್ವಲ್ಪ ಮೇಲೆ ಹತ್ತಿದರೆ ಮುತ್ತುಗ. ಶಿವರಾತ್ರಿಯಿಂದ ಕಾಮನ ಹಬ್ಬದವರೆಗೆ ಅದರ ಕಾಲ. ಎಲೆಯೆಲ್ಲ ಉದುರಿ, ಬರಿಯ ಕೊಂಬೆಯ ತುದಿಯಲ್ಲಿ ಕೆಂಡದ ಬಣ್ಣದ ಹೂವು. ದೂರದಿಂದ ನೋಡಿದರೆ ಗುಡ್ಡಕ್ಕೆ ಬೆಂಕಿ ಬಿತ್ತೇನೋ ಎಂದು ಗಾಬರಿಯಾಗಬೇಕು, ಹಾಗಿರುತ್ತದೆ. ಉದುರಿದ ಹೂವನ್ನು ಒಣಗಿಸಿ ನೀರಿನಲ್ಲಿ ಕುದಿಸಿದರೆ ಹಳದಿ ಬಣ್ಣ ಬಿಡುತ್ತದೆ. ಚಿಟಿಕೆ ಸುಣ್ಣ ಬೆರೆಸಿದರೆ ಬಣ್ಣ ಕಿತ್ತಳೆಗೆ ತಿರುಗುತ್ತದೆ. ಓಕುಳಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಬೇಕೆ? ಇದರ ಎಲೆಯ ಊಟದ ರುಚಿ ನಮ್ಮ ಹಿರಿಯರಿಗೆ ಗೊತ್ತು. ಮುಳ್ಳು ಮೈಯ ಕೆಂಪು ಬೂರುಗವೂ ಇದೇ ಕಾಲದಲ್ಲಿ ಎಲೆಯಿಲ್ಲದೆ ಹೂಬಿಡುತ್ತದೆ. ಅದರ ಬಟ್ಟಲಿನಂಥ ದಪ್ಪ ಹೂವಿನಲ್ಲಿ ಮಕರಂದ ತುಂಬಿರುತ್ತದೆ. ಗೊರವಂಕ, ಕಾಗೆ, ಅಳಿಲು, ಜೇನು ಎಲ್ಲಕ್ಕೂ ಅಲ್ಲಿ ಬೆಳಗಿನ ಪಂಕ್ತಿ.

ಯುಗಾದಿ ಬಂತೆಂದರೆ ಬೇವು, ಹೊಂಗೆ, ನೇರಳೆ. ಹೊಂಗೆಯ ಬುಡದಲ್ಲಿ ಬೆಳಿಗ್ಗೆ ಹೋಗಿ ನೋಡಿ. ತಿಳಿಗೆಂಪು ಬಿಳುಪಿನ ಹೂವು ಚಾಪೆ ಹಾಸಿದಂತೆ ಬಿದ್ದಿರುತ್ತದೆ, ಮೇಲೆ ಜೇನಿನ ಝೇಂಕಾರ. ನೆಲ್ಲಿಯ ಹೂವನ್ನು ನೋಡಿದವರು ಕಡಿಮೆ. ಎಲೆಯ ಕಡ್ಡಿಯುದ್ದಕ್ಕೂ ಹಸಿರು ಹಳದಿಯ ಹೂವು, ಸಾಸಿವೆ ಕಾಳಿನಷ್ಟು. ಕಾರ್ತೀಕದಲ್ಲಿ ತುಳಸಿಯ ಮುಂದೆ ಇಡುವ ನೆಲ್ಲಿಕಾಯಿ ಹುಟ್ಟುವುದು ಈ ಸುಡುಬಿಸಿಲಿನಲ್ಲೇ. ವೈಶಾಖದ ಹೊತ್ತಿಗೆ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಡುತ್ತದೆ. ಸುತ್ತ ಎಲ್ಲವೂ ಒಣಗಿದಾಗ ಅದೊಂದೇ ಮದುವಣಗಿತ್ತಿಯಂತೆ ನಿಂತಿರುತ್ತದೆ.

ಇನ್ನೂ ಪಡುವಣಕ್ಕೆ, ಮಲೆನಾಡಿನ ಮಗ್ಗುಲಿಗೆ ಹೋದರೆ ಹಲಸು ಮಾವಿನ ಕೊಂಬೆಗಳ ಮೇಲೆ ಸೀತಾಳೆ ದಂಡೆ ಇಳಿಬಿದ್ದಿರುತ್ತದೆ. ಮುಂಗಾರಿಗೆ ಸ್ವಲ್ಪ ಮೊದಲು ಅರಳುವ, ಬಿಳಿ ನೇರಳೆ ಬಣ್ಣ ಕಲೆತ ಹೂಮಾಲೆ ಅದು. ಕೆಲವರು ಇದನ್ನು ಬಂದಳಿಕೆ ಎಂದು ತಿಳಿದು ಕಿತ್ತೆಸೆಯುತ್ತಾರೆ. ಬಂದಳಿಕೆ ಬೇರೆ, ಇದು ಬೇರೆ. ಬಂದಳಿಕೆ ಮರದೊಳಕ್ಕೆ ಬೇರು ಇಳಿಸಿ ರಸ ಹೀರುತ್ತದೆ, ಅದನ್ನು ತೆಗೆಯಲೇಬೇಕು. ಸೀತಾಳೆ ಮರದ ತೊಗಟೆಯ ಮೇಲೆ ಕೂತಿರುತ್ತದೆ, ಅಷ್ಟೆ. ಗಾಳಿಯ ತೇವ, ಮಳೆಯ ನೀರೇ ಅದಕ್ಕೆ ಸಾಕು. ಮರಕ್ಕೆ ಅದರಿಂದ ಕೇಡಿಲ್ಲ.

"ಭರಣಿ ಬಂದರೆ ಧರಣಿ ಬದುಕೀತು" ಎಂಬ ಗಾದೆ ನಿಮಗೆ ಗೊತ್ತೇ ಇದೆ. ಆ ಮಳೆಯ ನಾಲ್ಕು ಹನಿ ಬಿದ್ದು ನೆಲ ತಣಿದರೆ, ನೆಲದೊಳಗೆ ಗೆಡ್ಡೆಯಾಗಿ ಮಲಗಿದ್ದ ಕಾಡು ಅರಿಶಿನದಂಥ ಗಿಡಗಳು ಮೊಳೆತು ಹೂಬಿಡುತ್ತವೆ. ಅಲ್ಲಿಗೆ ಬೇಸಗೆಯ ಹೂವಿನ ಸಾಲು ಮುಗಿದು ಮಳೆಗಾಲದ ಸಾಲು ಹಿಡಿಯುತ್ತದೆ.

ಈಗ ಗಮನಿಸಿ. ತಂಗಡಿ, ಕವಳೆ, ಮುತ್ತುಗ, ಬೂರುಗ, ಬೇವು, ಹೊಂಗೆ, ನೆಲ್ಲಿ, ನೇರಳೆ, ಕಕ್ಕೆ. ಮಾಘದಿಂದ ವೈಶಾಖದವರೆಗೆ ಒಂದು ಬಾಡುವ ಹೊತ್ತಿಗೆ ಇನ್ನೊಂದು ಅರಳುತ್ತದೆ. ಹೊಲ ಬರಿದಾದ ಮೂರು ನಾಲ್ಕು ತಿಂಗಳು ಗುಡ್ಡದಲ್ಲಿ ಊಟದ ಎಲೆ ಎತ್ತುವುದೇ ಇಲ್ಲ. ಈ ಊಟ ಯಾರಿಗೆ? ಮುಖ್ಯವಾಗಿ ಜೇನಿಗೆ.

ನಮ್ಮಲ್ಲಿ ಬಂಡೆಗೆ, ದೊಡ್ಡ ಮರಕ್ಕೆ ಕಟ್ಟುವ ಹೆಜ್ಜೇನು ಇದೆ. ಪೊಟರೆಯಲ್ಲಿ, ಹುತ್ತದಲ್ಲಿ, ಪೆಟ್ಟಿಗೆಯಲ್ಲಿ ಇರುವ ತುಡುವೆ ಇದೆ. ಪೊದೆಯ ಕಡ್ಡಿಗೆ ಕಟ್ಟುವ ಕೋಲುಜೇನು ಇದೆ. ಗೋಡೆ ಸಂದಿಯಲ್ಲಿ ಗೂಡು ಮಾಡುವ, ಕಚ್ಚದ ಸಣ್ಣ ಜೇನೂ ಇದೆ. ಹೆಜ್ಜೇನು ಹೂವಿದ್ದ ಕಡೆಗೆ ಗುಳೆ ಹೋಗುತ್ತದೆ. ತುಡುವೆ ಸಾಮಾನ್ಯವಾಗಿ ಗೂಡಿನಿಂದ ಒಂದೆರಡು ಕಿಲೋಮೀಟರಿನೊಳಗೇ ಮೇಯುತ್ತದೆ. ಅಷ್ಟರೊಳಗೆ ಹೂವು ಸಿಕ್ಕದಿದ್ದರೆ ಮರಿಗೆ ಆಹಾರವಿಲ್ಲ. ದುಡಿಯುವ ಹುಳು ಬದುಕುವುದು ಕೆಲವೇ ವಾರ. ಹೊಸ ಮರಿ ಏಳದಿದ್ದರೆ ಸಂಸಾರ ಸೊರಗುತ್ತದೆ, ಇಲ್ಲವೆ ಗೂಡು ಬಿಟ್ಟು ಹಾರಿಹೋಗುತ್ತದೆ.

ಜೇನು ಹಾರಿಹೋದರೆ ನಮಗೇನು ನಷ್ಟ? ರಾಗಿಗೂ ಭತ್ತಕ್ಕೂ ನಷ್ಟವಿಲ್ಲ. ಅವು ತಮ್ಮ ಹೂವಿನ ಹುಡಿಯಿಂದಲೇ ಕಾಳು ಕಟ್ಟುತ್ತವೆ. ಮುಸುಕಿನ ಜೋಳಕ್ಕೆ ಗಾಳಿ ಸಾಕು. ಆದರೆ ಹುಚ್ಚೆಳ್ಳು, ಸೂರ್ಯಕಾಂತಿ? ಜೇನು ಕೂರದ ಸೂರ್ಯಕಾಂತಿಯ ತೆನೆಯಲ್ಲಿ ಜೊಳ್ಳು ಜಾಸ್ತಿ. ತೆಂಗಿನ ಹೊಂಬಾಳೆಗೂ ಜೇನು ಬರುತ್ತದೆ. ಮಲೆನಾಡಿನ ಏಲಕ್ಕಿಗಂತೂ ಜೇನೇ ಬೇಕು. ಹಿತ್ತಲಿನ ಕುಂಬಳ, ಸೌತೆ, ಹೀರೆ, ಹಾಗಲದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಇರುತ್ತದೆ. ಗಂಡು ಹೂವಿನ ಹುಡಿಯನ್ನು ಜೇನು ತಂದು ಮುಟ್ಟಿಸದಿದ್ದರೆ ಆ ಹೀಚು ಹಳದಿಯಾಗಿ ಉದುರಿ ಹೋಗುತ್ತದೆ.

ತಾಯಂದಿರು, "ಬಳ್ಳಿ ತುಂಬ ಹೂವಿದೆ, ಕಾಯೇ ನಿಲ್ಲಾಕಿಲ್ಲ, ಯಾರ ಕಣ್ಣು ಬಿತ್ತೋ" ಎನ್ನುವುದುಂಟು. ಕಣ್ಣು ಬಿದ್ದಿರುವುದಿಲ್ಲ ತಾಯಿ, ಎಷ್ಟೋ ಸಲ ಜೇನು ಬಂದಿರುವುದಿಲ್ಲ. ಆಗ ಒಂದು ಉಪಾಯವಿದೆ. ಬೆಳಿಗ್ಗೆ ಹೂವು ಅರಳಿದ ಕೂಡಲೆ ಒಂದು ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಒಳಗಿನ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಕಾಯಿ ನಿಲ್ಲುತ್ತದೆ. ಆದರೆ ಎಕರೆಗಟ್ಟಲೆ ಸೂರ್ಯಕಾಂತಿಗೆ ಇದನ್ನು ಕೈಯಿಂದ ಮಾಡಲು ಆದೀತೆ? ಕೂಲಿಯಿಲ್ಲದೆ ಮಾಡಿಕೊಡುವುದು ಜೇನು.

ಕಾಫಿ ತೋಟದವರೂ ಕೇಳಿ. ಹೂಮಳೆ ಬಿದ್ದು ವಾರ ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ರೊಬಸ್ಟಾ ಗಿಡ ತನ್ನದೇ ಹುಡಿಯಿಂದ ಕಾಯಿ ಕಚ್ಚುವುದಿಲ್ಲ. ಬೇರೆ ಗಿಡದ ಹುಡಿ ಬೇಕು. ಅದನ್ನು ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಆ ಹೂವು ನಿಲ್ಲುವುದು ಎರಡು ಮೂರು ದಿನ. ಜೇನಿಗೆ ಅದು ಹಬ್ಬದೂಟ. ಹಬ್ಬದ ಹಿಂದೆ ಮುಂದೆ ಉಳಿದ ದಿನಗಳ ಗಂಜಿ ಎಲ್ಲಿಯದು? ಗುಡ್ಡದ್ದು, ಬದುವಿನದು, ಬೇಲಿಯದು. ವರ್ಷವೆಲ್ಲ ಉಪವಾಸ ಹಾಕಿ, ಹೂಬಿಟ್ಟ ದಿನ ಮಾತ್ರ ಬಾ ಎಂದರೆ ಯಾವ ಆಳು ಬರುತ್ತಾನೆ?

ಜೇನಿಗೆ ಕೇಡು ಬಂದರೆ ಹೇಗಿರುತ್ತದೆ ಎಂಬುದನ್ನು ನಮ್ಮ ನಾಡು ಒಮ್ಮೆ ಕಂಡಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಹುಳುಗಳು ಚೀಲದಂತೆ ಊದಿ ಸತ್ತವು. ಪೆಟ್ಟಿಗೆಗಳು ಸಾಲು ಸಾಲಾಗಿ ಬರಿದಾದವು. ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಆ ರೋಗಕ್ಕೆ ಔಷಧಿ ನಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಹಸಿವಿಗೆ ಔಷಧಿ ನಮ್ಮ ಕೈಯಲ್ಲೇ ಇದೆ.

ಇಲ್ಲಿಗೆ ನಾವು ಮುಖ್ಯವಾದ ಮಾತಿಗೆ ಬಂದೆವು. ಅದು ಬೆಂಕಿಯ ಮಾತು.

ಹೂವು ಬಿಡುವ ಕಾಲವೂ ಗುಡ್ಡಕ್ಕೆ ಬೆಂಕಿ ಬೀಳುವ ಕಾಲವೂ ಒಂದೇ. ಸೇದಿ ಬಿಸುಟ ಬೀಡಿಯಿಂದ ಬೀಳುತ್ತದೆ. ಹೆಜ್ಜೇನು ಬಿಡಿಸಲು ಹಿಡಿದ ದೊಂದಿಯಿಂದ ಬೀಳುತ್ತದೆ. ಬೆಟ್ಟ ನೋಡಲು ಬಂದವರು ಅಡಿಗೆ ಮಾಡಿ ಆರಿಸದೆ ಹೋದ ಒಲೆಯಿಂದ ಬೀಳುತ್ತದೆ. ಬೇಕೆಂದೇ ಹಚ್ಚುವವರೂ ಉಂಟು. "ಬೆಂಕಿ ಕೊಟ್ರೆ ಹುಲ್ಲು ಚೆನ್ನಾಗಿ ಚಿಗುರ್ತದೆ, ದನಕ್ಕೆ ಮೇವಾಯ್ತದೆ" ಎಂಬುದು ಅವರ ವಾದ.

ಈ ವಾದವನ್ನು ತೂಗಿ ನೋಡೋಣ. ಸುಟ್ಟ ಮೇಲೆ ಹಸಿರು ಕಾಣುವುದು ನಿಜ. ಆದರೆ ಆ ಚಿಗುರು ಹುಲ್ಲು ತನ್ನ ಬೇರಿನಲ್ಲಿ ಕೂಡಿಟ್ಟ ಗಂಟನ್ನು ಒಡೆದು ಕೊಟ್ಟದ್ದು. ಅದನ್ನೂ ದನ ಮೇಯ್ದರೆ ಬೇರು ದಿವಾಳಿ. ವರ್ಷ ವರ್ಷವೂ ಹೀಗೆ ಮಾಡಿದರೆ ಮೆತ್ತನೆಯ ಹುಲ್ಲು ಹಿಂದೆ ಸರಿದು, ಬೆಂಕಿಗೆ ಜಗ್ಗದ ಒರಟು ಹುಲ್ಲೇ ಉಳಿಯುತ್ತದೆ. ಕವಳೆಯ, ನೆಲ್ಲಿಯ ಎಳೆ ಸಸಿ ಸಾಯುತ್ತದೆ. ದೊಡ್ಡ ಗಿಡದ ಮೊಗ್ಗು ಕಮರುತ್ತದೆ. ಆ ವರ್ಷ ಹೂವಿಲ್ಲ; ಹೂವಿಲ್ಲದ ಮೇಲೆ ಹಣ್ಣೂ ಇಲ್ಲ, ಬೀಜವೂ ಇಲ್ಲ. ಇನ್ನೊಂದು ನಷ್ಟ ಮಳೆ ಬಂದಾಗ ಕಾಣುತ್ತದೆ. ಹೊದಿಕೆ ಸುಟ್ಟ ಇಳಿಜಾರಿನ ಮೇಲೆ ಮೊದಲ ಮಳೆಯೇ ರಭಸದಿಂದ ಬಿದ್ದರೆ ಮೇಲ್ಮಣ್ಣು ಕೊಚ್ಚಿಕೊಂಡು ಕೆರೆ ಸೇರುತ್ತದೆ. ದೋರಸಮುದ್ರದ ಕಾಲದಿಂದ ಕೆರೆ ಕಟ್ಟಿಕೊಂಡು ಬಂದ ಸೀಮೆ ನಮ್ಮದು. ಕೆರೆಯ ಹೂಳು ಎಲ್ಲಿಂದ ಬರುತ್ತದೆ ಎಂದು ಗುಡ್ಡದ ಕಡೆ ತಲೆಯೆತ್ತಿ ನೋಡಿದರೆ ಗೊತ್ತಾಗುತ್ತದೆ.

ಬೆಂಕಿ ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬಂಡೀಪುರವೇ ಸಾಕ್ಷಿ. 2019ರ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಕಾಡು ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು. ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಚಂದ್ರದ್ರೋಣದ ಇಳಿಜಾರಿನಲ್ಲಿ 2022ರ ಮಳೆಗಾಲದ ಕೊನೆಗೆ ನೀಲಿ ಕುರಿಂಜಿ ಅರಳಿದ್ದನ್ನು ನಿಮ್ಮಲ್ಲಿ ಎಷ್ಟೋ ಜನ ಹೋಗಿ ನೋಡಿರಬಹುದು. ಅದು ಬೇಸಗೆಯ ಹೂವಲ್ಲ. ಆದರೂ ಬೇಸಗೆಯ ಬೆಂಕಿಗೂ ಅದಕ್ಕೂ ಸಂಬಂಧವಿದೆ. ಕುರಿಂಜಿಗಳಲ್ಲಿ ಜಾತಿ ಹಲವು. 12 ವರ್ಷಕ್ಕೆ ಒಂದು ಸಲ ಹೂಬಿಡುವ ಜಾತಿಯ ಗಿಡ, ಹೂವು ಮುಗಿದು ಬೀಜ ಉದುರಿದ ಮೇಲೆ ಸಾಯುತ್ತದೆ. ಆಮೇಲಿನ ಬೇಸಗೆಗಳಲ್ಲಿ ಅದರ ಎಳೆ ಸಸಿ ನೆಲ ಹಿಡಿದು ಏಳಬೇಕು. ಆಗ ಒಂದು ಬೆಂಕಿ ಬಿದ್ದರೆ 12 ವರ್ಷದ ಗಂಟು ಒಂದು ಮಧ್ಯಾಹ್ನದಲ್ಲಿ ಬೂದಿ.

ಗುಡ್ಡದ ಹೂವಿಗೆ ಇನ್ನೊಬ್ಬ ಶತ್ರು ಲಂಟಾನ. ನೋಡಲು ಚೆಂದದ ಹೂವೇ, ಚಿಟ್ಟೆಯೂ ಕೂರುತ್ತದೆ. ಆದರೆ ಇದು ನಮ್ಮ ನೆಲದ್ದಲ್ಲ. ಅಮೆರಿಕಾ ಖಂಡದ ಬಿಸಿ ಸೀಮೆಯದು. 19ನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದ ಗಿಡ ಹಕ್ಕಿಗಳ ಹೊಟ್ಟೆಯಲ್ಲಿ ಬೀಜವಾಗಿ ದೇಶವೆಲ್ಲ ಹರಡಿತು. ಇದರ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ, ನೆಲ್ಲಿ ಕವಳೆಯ ಸಸಿ ಏಳುವುದಿಲ್ಲ. ಹಸಿದ ದನ ಇದರ ಎಲೆ ಮೇಯ್ದರೆ ಕಾಮಾಲೆ ಬಂದು ಚರ್ಮ ಸುಲಿಯುತ್ತದೆ. ಸುಟ್ಟು ನಾಶಮಾಡುತ್ತೇವೆ ಎಂದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇದಕ್ಕೆ ಸರಿಯಾದ ಮದ್ದು ಗುದ್ದಲಿ. ಮಳೆ ಬಿದ್ದು ನೆಲ ಮೆತ್ತಗಾದಾಗ, ಮಣ್ಣಿನಿಂದ ಎರಡು ಮೂರು ಬೆರಳು ಕೆಳಗೆ ಬೇರಿನ ಕೊರಳನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಕಾಯಿ ಹಣ್ಣಾಗುವ ಮೊದಲೇ ಇದನ್ನು ಮಾಡಿದರೆ ಕೆಲಸ ಅರ್ಧ ಉಳಿಯುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ ಮೇಜು ಹೆಣೆದು ಮಾರಲು ಕಲಿತಿದ್ದಾರೆ. ಕೇಡಿನ ಗಿಡದಿಂದಲೂ ನಾಲ್ಕು ಕಾಸು ಮಾಡಿಕೊಳ್ಳಬಹುದು ಎಂಬುದಕ್ಕೆ ಅವರೇ ಮಾದರಿ.

ಹಾಗಾದರೆ ಈ ವರ್ಷ ನಾವು ಮಾಡಬೇಕಾದದ್ದೇನು? ಒಂದೊಂದಾಗಿ ಹೇಳುತ್ತೇನೆ, ಕೇಳಿ.

ಒಂದು: ಸಂಕ್ರಾಂತಿ ಕಳೆದ ಕೂಡಲೆ ಊರಿನವರು ಸೇರಿ ಗುಡ್ಡಕ್ಕೂ ಹೊಲಕ್ಕೂ ನಡುವೆ ಎರಡು ಮೂರು ಮಾರು ಅಗಲ ಹುಲ್ಲು ತರಗು ಕೆರೆದು ಬೆಂಕಿ ಗೆರೆ ತೆಗೆಯಿರಿ. ಅರಣ್ಯ ಇಲಾಖೆಯ ಜಾಗವಾದರೆ ಅವರನ್ನು ಕೇಳಿ ಮಾಡಿ. ಕೊಯ್ದ ಹುಲ್ಲನ್ನು ಮೆದೆ ಹಾಕಿ. ಸುಟ್ಟರೆ ಬೂದಿಯಾಗುವುದು, ಕೊಯ್ದರೆ ಮೇವು.

ಎರಡು: ಬದುವನ್ನು ಪೂರ್ತಿ ಬೋಳಿಸಬೇಡಿ. ಒಂದು ತಂಗಡಿ, ಒಂದು ಹೊಂಗೆ, ಒಂದು ನೇರಳೆ ಇರಲಿ. ಹೊಂಗೆ ಬೀಜವನ್ನು ಮುಂಗಾರಿನಲ್ಲಿ ನೇರವಾಗಿ ಬದುವಿಗೆ ಊರಬಹುದು. ನೇರಳೆ ಬೀಜ ಬಹಳ ದಿನ ತಡೆಯುವುದಿಲ್ಲ. ಹಣ್ಣು ತಿಂದ ವಾರದೊಳಗೇ ಮಣ್ಣಿಗೆ ಹಾಕಿ. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ. ಬಿಸಿ ನೀರಿನಲ್ಲಿ ಹಾಕಿ, ಅದೇ ನೀರಿನಲ್ಲಿ ಒಂದು ರಾತ್ರಿ ನೆನೆಯಲು ಬಿಟ್ಟು ಬಿತ್ತಿ.

ಮೂರು: ಬೆಳೆ ಹೂವಿನಲ್ಲಿರುವಾಗ ಔಷಧಿ ಸಿಂಪಡಿಸಬೇಡಿ. ತಪ್ಪದೆ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ.

ನಾಲ್ಕು: ಬಾವಿಕಟ್ಟೆಯ ಹತ್ತಿರ ಅಗಲವಾದ ಮಡಕೆ ಚೂರಿನಲ್ಲಿ ಸ್ವಲ್ಪ ನೀರು ಹಾಕಿ, ಜೇನು ಕೂರಲು ನಾಲ್ಕು ಬೆಣಚುಕಲ್ಲು ಇಡಿ. ಬೇಸಗೆಯಲ್ಲಿ ಅವಕ್ಕೂ ದಾಹ. ಈ ಕೆಲಸವನ್ನು ಮಕ್ಕಳಿಗೆ ವಹಿಸಿ, ಅವರು ಮರೆಯುವುದಿಲ್ಲ.

ಐದು: ಹೂವಿಗಾಗಿ ಕೊಂಬೆ ಮುರಿಯಬೇಡಿ. ಮುತ್ತುಗವಾದರೆ ಉದುರಿದ್ದನ್ನು ಆರಿಸಿದರೆ ಸಾಕು. ಬೆಟ್ಟ ಹತ್ತಲು ಬರುವ ಪಟ್ಟಣದವರಿಗೆ ದಾರಿ ತೋರಿಸುವ ನಮ್ಮ ಹುಡುಗರು, "ಬೆಂಕಿಪೆಟ್ಟಿಗೆ ಕೆಳಗೇ ಬಿಟ್ಟು ಬನ್ನಿ, ಸ್ವಾಮೀ" ಎಂದು ಧೈರ್ಯವಾಗಿ ಹೇಳಲಿ. ಗುಡ್ಡ ಅವರಿಗೆ ಒಂದು ದಿನದ ನೋಟ, ನಮಗೆ ವರ್ಷದ ಬಾಳು.

ಇಷ್ಟು ಮಾಡಲು ಸಾಲ ಬೇಡ, ಯಂತ್ರ ಬೇಡ. ನಾಲ್ಕು ಜನ ಒಗ್ಗಟ್ಟಾಗಿ ಎರಡು ದಿನ ದುಡಿದರೆ ಬೆಂಕಿ ಗೆರೆ ಆಯಿತು. ಉಳಿದದ್ದೆಲ್ಲ ಕೈ ಬಿಗಿಹಿಡಿಯುವ ಕೆಲಸ: ಕಡ್ಡಿ ಗೀರದಿರುವುದು, ಕೊಡಲಿ ಎತ್ತದಿರುವುದು. ಗುಡ್ಡದ ಹೂವನ್ನು ಬಿತ್ತಿದವರು ನಾವಲ್ಲ, ನೀರು ಹೊತ್ತವರೂ ನಾವಲ್ಲ. ಅದರ ಫಲ ಮಾತ್ರ ಜೇನಿನ ಕಾಲಿಗೆ ಅಂಟಿಕೊಂಡು ನಮ್ಮ ಹಿತ್ತಲಿಗೆ, ಹೊಲಕ್ಕೆ, ತೋಟಕ್ಕೆ ಬರುತ್ತಿದೆ. ಬರುವ ದಾರಿಯನ್ನು ಸುಡದೆ ಬಿಟ್ಟರೆ ಸಾಕು.

ನಾಳೆ ಬೆಳಿಗ್ಗೆ ದನದ ಹಿಂದೆ ಹೋಗುವಾಗ ಯಾವ ಗಿಡದಲ್ಲಿ ಎಷ್ಟು ಜೇನು ಕೂತಿದೆ ಎಂದು ಒಂದು ಗಳಿಗೆ ನಿಂತು ನೋಡಿ. ಮನೆಗೆ ಬಂದು ಮಕ್ಕಳಿಗೂ ಆ ಗಿಡದ ಹೆಸರು ಹೇಳಿಕೊಡಿ. ಹೆಸರು ಗೊತ್ತಿದ್ದ ಗಿಡಕ್ಕೆ ಯಾರೂ ಸುಲಭವಾಗಿ ಕೊಡಲಿ ಹಾಕುವುದಿಲ್ಲ.